ಹರಿವಾಣದಲ್ಲೊಂದು ಕೋಟೆ

ದೀಪಾವಳಿಗೆ ಇನ್ನೂ ಹತ್ತು ಹನ್ನೆರಡು ದಿನಗಳಿರುವಾಗಲೇ ಡೊಂಬಿವಲಿ, ಥಾಣೆಗಳ ಹಳೆಯ ಸೊಸಾಯಿಟಿಗಳ ಅಂಗಳದ ಮೂಲೆಗಳಲ್ಲಿ ಇಟ್ಟಿಗೆ, ಕಲ್ಲು, ಕೆಮ್ಮಣ್ಣು, ಹರಿದ ಗೋಣಿತಟ್ಟುಗಳು ಬಂದು ಬೀಳತೊಡಗುವುವು. ಪರೀಕ್ಷೆಯ ಭಾರವನ್ನು ಆಗತಾನೇ ಇಳಿಸಿದ ಬಾಲಕ ಬಾಲಿಕೆಯರು ಆ ರಾಶಿಯಿಂದಲೇ ಬುರುಜು, ಮಹಾದ್ವಾರ, ಸೋಪಾನ, ಕೆರೆಗಳನ್ನು ನಿರ್ಮಿಸಿ, ಇಳಿಜಾರಿನಲ್ಲಿ ಸಾಸಿವೆಯನ್ನೋ ಅಳೀವ್ ಬೀಜವನ್ನೋ ಬಿತ್ತಿ, ಹಸುರು ಮೊಳೆತೊಡನೆ ಮಣ್ಣಿನ ಮಾವಳೆ ಭಟರನ್ನು ಕಾವಲಿಗೆ ನಿಲ್ಲಿಸಿ, ಶಿಖರದಲ್ಲಿ ಶಿವಾಜಿ ಮಹಾರಾಜರನ್ನು ಸಿಂಹಾಸನದ ಮೇಲೆ ಕುಳ್ಳಿರಿಸುವರು. ಈ ಕಿಲ್ಲೆ ಕಟ್ಟುವ ಸಂಪ್ರದಾಯ ಮಹಾರಾಷ್ಟ್ರದ್ದು. ಆದರೆ ಇಲ್ಲಿ ನೆಲೆನಿಂತ ಕನ್ನಡ ಮನೆಗಳ ಮಕ್ಕಳ ಕೈಗೂ ಆ ಮಣ್ಣು ಅಂಟಿದೆ. ಕಲ್ಯಾಣದ ಮಕ್ಕಳಿಗಂತೂ ಉಲ್ಹಾಸ ನದಿಯ ಖಾಡಿಯ ದಡದ ದುರ್ಗಾಡಿ ಕೋಟೆಯೇ ಕಣ್ಣೆದುರಿನ ಮಾದರಿ. ಕಲ್ಯಾಣವೆಂದರೆ 1657ರಲ್ಲಿ ಶಿವಾಜಿಯ ಕೈಸೇರಿದ ಊರು.

ಆದರೆ ಈ ಸಂಭ್ರಮದ ಅಂಚಿನಲ್ಲಿ ಎರಡೂವರೆ ವರ್ಷದ ಪುಟ್ಟ ಜೀವವೊಂದು ಅಳುತ್ತ ನಿಂತಿರುವುದನ್ನು ನೋಡದವರಿಲ್ಲ. 'ಹಾತ್ ಲಾವೂ ನಕೋ', ಮುಟ್ಟಬೇಡ, ಎಂದು ಅಣ್ಣಂದಿರು ಗದರುವರು. ಅವರ ಪಾಲಿಗೆ ಅದು ನ್ಯಾಯವೇ, ಏಕೆಂದರೆ ಆ ಶಿಶುವಿಗೆ ಕೋಟೆಯೆಂಬುದು ಬೆರಳು ತೂರಿಸುವುದಕ್ಕೆ, ಹಿಚುಕುವುದಕ್ಕೆ, ಕೆಡಹುವುದಕ್ಕೆ ಇರುವ ವಸ್ತು. ಆದುದರಿಂದ ಅದರದೇ ಆದ ಕಿರುಲೋಕವೊಂದನ್ನು ಅದಕ್ಕೆ ಮನೆಯೊಳಗೇ ಒದಗಿಸಿಕೊಡಬೇಕೆಂಬುದು ನನ್ನ ದೃಢವಾದ ಅಭಿಮತ.

ಎರಡು ಕೋಣೆಗಳ ಮನೆಯಲ್ಲಿಯೂ ಇದು ಅಸಾಧ್ಯವಲ್ಲ. ನವಿಮುಂಬಯಿಯ ಎತ್ತರದ ಕಟ್ಟಡಗಳವರು ಗೊಬ್ಬರ ಬೆರೆಯದ ಕೆಮ್ಮಣ್ಣನ್ನು ನರ್ಸರಿಯಿಂದ ಚೀಲದಲ್ಲಿ ತರಿಸಬೇಕಾದೀತು, ಅಷ್ಟೆ. ನೆಲಕ್ಕೊಂದು ಹಳೆಯ ಬೆಡ್‌ಶೀಟು, ಅದರ ಮೇಲೆ ಹಿಟ್ಟು ನಾದುವ ಅಗಲವಾದ ಹರಿವಾಣ. ಒಂದು ಪಾರ್ಶ್ವದಲ್ಲಿ ಜರಡಿ ಹಿಡಿದು ಕಲಸಿದ ಮಣ್ಣಿನ ಗುಡ್ಡ, ಇನ್ನೊಂದರಲ್ಲಿ ದಸರಾ ಗೊಂಬೆಗಳ ತೋಟಕ್ಕೆಂದು ಮೈಸೂರು ಕಡೆಯವರು ಬೆಳೆಸುವಂತೆ ನೆನೆಸಿ ಬಿತ್ತಿದ ರಾಗಿಯ ಪೈರು, ಮುಂದೆ ಒಂದು ತಟ್ಟೆ ನೀರು, ಒಂದು ಮರದ ಆನೆ, ಒಂದು ಹಸು. ಹಿರಿಯರ ಕಲ್ಪನೆ ಇಲ್ಲಿಗೆ ನಿಲ್ಲಬೇಕು. ಮಗು ಮೊದಲು ಹೆಬ್ಬೆರಳನ್ನು ಗುಡ್ಡದಲ್ಲಿ ಊರಿ, ಉಳಿದ ಕುಳಿಯನ್ನು ಬಹಳ ಹೊತ್ತು ನಿಟ್ಟಿಸಿ, ಬೆರಳನ್ನು ಮೂಸಿ, ಮತ್ತೆ ಅದೇ ಕುಳಿಯಲ್ಲಿ ಊರುವುದು. ಅನಂತರ ಆನೆಯ ಮೂತಿಯನ್ನು ನೀರಿಗೆ ಒತ್ತಿ, ಕುಡಿದಾಯಿತೆಂದು ನಿಶ್ಚಯಿಸಿ, ಪೈರಿನ ನಡುವೆ ಮಲಗಿಸಿ, ಮೈತುಂಬ ಮಣ್ಣು ಹೊದಿಸುವುದು. ಆನೆ ಹೀಗಲ್ಲ ಮಲಗುವುದು ಎಂದು ತಿದ್ದಹೊರಟವನು ಆ ಲೋಕವನ್ನೇ ಅಪಹರಿಸಿದಂತೆ.

ಇಂತಹ ಕಿರುಲೋಕದ ಬೆಲೆಯನ್ನು ಅರಿತವರು ಹಿಂದೆಯೂ ಇದ್ದರು. ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1929ರ ಸುಮಾರಿಗೆ ಮರಳಿನ ತಟ್ಟೆಗಳನ್ನೂ ಪುಟ್ಟ ಆಟಿಕೆಗಳನ್ನೂ ತಮ್ಮ ಚಿಕಿತ್ಸಾಲಯದ ಮಕ್ಕಳ ಮುಂದಿರಿಸಿದಾಗ, ನುಡಿಯಲಾರದುದನ್ನು ಅವರು ಮರಳಿನಲ್ಲಿ ಕಟ್ಟಿ ತೋರಿದರು. ಇಲ್ಲಿಯೇ, ಆಗ ಥಾಣೆ ಜಿಲ್ಲೆಗೆ ಸೇರಿದ್ದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕರೂ ಅನುತಾಯಿ ವಾಘರೂ ಬಡವರ ಮಕ್ಕಳಿಗಾಗಿ ಶಿಶುಶಿಕ್ಷಣವನ್ನು ಆರಂಭಿಸಿದಾಗ, ದುಬಾರಿಯಾದ ಮಾಂಟೆಸೊರಿ ಉಪಕರಣಗಳ ಸ್ಥಾನವನ್ನು ಆ ನೆಲದ ಕಲ್ಲು, ಎಲೆ, ಚಿಪ್ಪುಗಳಿಗೆ ಕೊಟ್ಟರು. ಅಂಗಡಿಯ ಆಟಿಕೆಯಿಲ್ಲದೆ ಶೈಶವ ಬರಿದಾಗುವುದೆಂಬ ಭೀತಿಗೆ ಇದಕ್ಕಿಂತ ಮಿಗಿಲಾದ ಉತ್ತರವನ್ನು ನಾನರಿಯೆ.

ಎಚ್ಚರಿಕೆಯ ಮಾತನ್ನು ಮಾತ್ರ ಮರೆಯುವಂತಿಲ್ಲ. ಕಡಲೆ, ಬಟಾಣಿ, ಮಣಿ, ಗೋಲಿಗಳು ಮೂರು ವರ್ಷ ತುಂಬದವರ ಮೂಗನ್ನೂ ಗಂಟಲನ್ನೂ ಸೇರಬಹುದು. ಎಲ್ಲವನ್ನೂ ಬಾಯಿಗಿಡುವ ಪ್ರಾಯದಲ್ಲಿ ಮಣ್ಣಿಗೆ ಬದಲು ಕಲಸಿದ ರಾಗಿಹಿಟ್ಟೇ ಲೇಸು. ಎರಡಂಗುಲ ನೀರಿನ ಬಳಿಯಿಂದಲೂ ದೊಡ್ಡವರು ಎದ್ದುಹೋಗಲಾಗದು. ಲೋಕಲ್ ಗಾಡಿಯಲ್ಲಿ ನಿಂತೇ ಪಯಣಿಸಿ ದಣಿದು ಮನೆಸೇರುವ ತಾಯ್ತಂದೆಗಳಿಗೆ ಇದು ಸುಲಭವಲ್ಲವೆಂದು ಬಲ್ಲೆ. ಆದರೂ ಅವರಲ್ಲಿ ನನ್ನ ಬಿನ್ನಹವಿಷ್ಟೆ: ರಜೆಯ ಒಂದು ಸಂಜೆ ನೆಲ ಕೊಳೆಯಾಗಲು ಬಿಡಿ, ಮೊಬೈಲನ್ನು ಒಳಗಿಟ್ಟು ಮಗುವಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಿರಿ.