ಸರ್ಜಾ–ರಾಜಾ ಜೋಡಿಯೊಡನೆ ಒಂದು ಭಾನುವಾರ

ಬೆಳಗಾವಿಗೆ ನಾನು ಕನ್ನಡ ಅಧ್ಯಾಪಕನಾಗಿ ಬಂದು ಆರು ವರ್ಷಗಳು ಕಳೆದವು. ಈ ಅವಧಿಯಲ್ಲಿ ಕೋಟೆಯೊಳಗಿನ ಕಮಲ ಬಸದಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ನಿತ್ಯವಿಧಿಯಂತಾಗಿದೆ. ಖಾನಾಪುರ ತಾಲ್ಲೂಕಿನ ಹಲಸಿಗೆ ಕದಂಬರ ನೆಪದಲ್ಲಿ, ನಂದಗಡಕ್ಕೆ ಸಂಗೊಳ್ಳಿ ರಾಯಣ್ಣನ ಸಮಾಧಿಯ ದರ್ಶನಕ್ಕಾಗಿ, ಕಣಕುಂಬಿಗೆ ಮಲಪ್ರಭೆ ಹುಟ್ಟುವ ಸ್ಥಳವನ್ನು ನೋಡುವುದಕ್ಕಾಗಿ ಹೋಗಿಬಂದಿದ್ದೇನೆ. ಆದರೆ ಈ ಪ್ರಾಂತದ ಒಕ್ಕಲು ಮಕ್ಕಳು ಸುಗ್ಗಿ ಮುಗಿದ ಮೇಲಿನ ಭಾನುವಾರಗಳಲ್ಲಿ ಎಲ್ಲಿಗೆ ಹೋಗುತ್ತಾರೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಅದನ್ನು ತಿಳಿಸಿಕೊಟ್ಟವನು ಬಿ.ಎ. ಎರಡನೆಯ ವರ್ಷದ ನನ್ನೊಬ್ಬ ಶಿಷ್ಯ. ಸೋಮವಾರದ ಮೊದಲ ತರಗತಿಗೆ ಅವನು ಬರುವುದೇ ಅಪರೂಪ. ಬಂದರೂ ಹಿಂದಿನ ಬೆಂಚಿನಲ್ಲಿ ಪಂಪಭಾರತವನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಡುವನು. ಒಂದು ದಿನ ಕೋಣೆಗೆ ಕರೆದು ವಿಚಾರಿಸಿದೆ. ಹುಡುಗ ತಲೆ ತಗ್ಗಿಸಿ, “ನಿನ್ನೆ ಶರ್ಯತ್ತು ಇತ್ರಿ ಸರ. ರಾತ್ರಿ ಮನಿಗೆ ಮುಟ್ಟೂದರಾಗ ಒಂದು ಗಂಟೆ ಆತು” ಎಂದನು. ಶರ್ಯತ್ತೆಂದರೆ ಪಂದ್ಯ, ಇಲ್ಲಿ ಅದಕ್ಕೆ ಎತ್ತಿನ ಬಂಡಿಯ ಓಟವೆಂದೇ ಅರ್ಥ. ನಾನು ಗದರಿಸಬೇಕೆಂದಿದ್ದೆ, ಗದರಿಸುವ ಬದಲು, ಮುಂದಿನ ಭಾನುವಾರ ನಾನೂ ಬರುತ್ತೇನೆಂದು ಒಪ್ಪಿಕೊಂಡುಬಿಟ್ಟೆ. ಅಧ್ಯಾಪಕರ ಶಿಸ್ತು ಹೀಗೆಯೇ ಸಡಿಲವಾಗುವುದು.

ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಮುಂಜಾನೆಯ ಬಸ್ಸು ಹಿಡಿದೆ. ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಊರು ದಾಟುವ ಮುನ್ನ ಉದ್ಯಮಬಾಗದ ಎರಕದ ಕಾರ್ಖಾನೆಗಳು, ಯಂತ್ರಶಾಲೆಗಳು ಎದುರಾಗುತ್ತವೆ. ಬೆಳಗಾವಿಗೂ ಗಾಲಿಗೂ ಇರುವ ನಂಟು ಹಳೆಯದು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಈ ಊರಿನಲ್ಲಿಯೇ ಸೈಕಲ್ಲಿನ ಅಂಗಡಿಯನ್ನು ತೆರೆದರು. ಅನಂತರ ಅವರು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ ಮತ್ತು ಕಬ್ಬಿಣದ ನೇಗಿಲಿಗೆ. ಕಬ್ಬಿಣ ತಗುಲಿದರೆ ಭೂಮಿ ವಿಷವಾಗುವುದೆಂದು ಒಕ್ಕಲಿಗರು ಮೊದಮೊದಲು ಹತ್ತಿರ ಸೇರಿಸಲಿಲ್ಲವಂತೆ. 1910ರಲ್ಲಿ ಅವರು ಬೆಳಗಾವಿಯನ್ನು ಬಿಟ್ಟು ಔಂಧ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಎತ್ತಿನ ಹೊಟ್ಟೆಗೊಂದು, ಎತ್ತಿನ ಹೆಗಲಿಗೊಂದು ಯಂತ್ರ! ಈ ನಾಡಿನ ಯಂತ್ರಯುಗ ಎತ್ತನ್ನು ನಂಬಿಕೊಂಡೇ ಕಣ್ಣು ತೆರೆಯಿತೆಂದು ಯೋಚಿಸುತ್ತಿರುವಾಗಲೇ ಪೀರನವಾಡಿ, ಮಚ್ಛೆಗಳು ಹಿಂದಾದವು. ಕೆಂಪು ಮಣ್ಣು, ಹಂಚಿನ ಮನೆ, ಕೊಯ್ದ ಗದ್ದೆಗಳ ಸೀಮೆ ಬಂದಿತು.

ಖಾನಾಪುರದ ನಿಲ್ದಾಣದಲ್ಲಿ ಶಿಷ್ಯ ಮೋಟಾರ್ ಸೈಕಲ್ಲಿನೊಡನೆ ಕಾದಿದ್ದನು. ಅವನ ಹಳ್ಳಿ ಅಲ್ಲಿಂದ ಅರ್ಧ ಗಂಟೆಯ ದಾರಿ. ಮನೆಯಲ್ಲಿ ಮರಾಠಿಯೂ ಕನ್ನಡವೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಯಜಮಾನರು ಅವನ ಚಿಕ್ಕಪ್ಪ, ‘ಕಾಕಾ’. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ನನಗೆ ನಮಸ್ಕಾರ ಹೇಳಿದವರೇ ಕೊಟ್ಟಿಗೆಗೆ ಕರೆದೊಯ್ದರು.

ಬಾಗಿಲ ಬಳಿ ಒಂದು ಎಮ್ಮೆ. ಅದರಾಚೆ ಸರ್ಜಾ ಮತ್ತು ರಾಜಾ. ಎರಡೂ ಕಿಲಾರಿ ತಳಿಯ ಹೋರಿಗಳು: ಬೂದು ಬೆರೆತ ಬಿಳುಪು, ಹಿಂದಕ್ಕೆ ಬಾಗಿ ಮೇಲೇರಿದ ಉದ್ದನೆಯ ಕೋಡು, ಬಿಗಿದ ಮೈ. ಸೊಲ್ಲಾಪುರ, ಸಾಂಗಲಿಗಳಿಂದ ನಮ್ಮ ವಿಜಯಪುರ, ಬೆಳಗಾವಿಗಳವರೆಗೆ ಹರಡಿರುವ ಈ ತಳಿ ಹಾಲಿಗೆ ಹೆಸರಾದುದಲ್ಲ, ನಡಿಗೆಗೆ ಹೆಸರಾದುದು. ರಾಜಾನನ್ನು ಕರುವಾಗಿರುವಾಗಲೇ ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಕೊಂಡು ತಂದರಂತೆ. ಸರ್ಜಾ ಮನೆಯಲ್ಲೇ ಇದ್ದವನು, ವಯಸ್ಸಿನಲ್ಲಿ ಹಿರಿಯ. ಅವನ ಹೆಗಲ ಮೇಲೆ ನೊಗದ ಗಂಟು ಕಪ್ಪಾಗಿ ಕಾಣುತ್ತಿತ್ತು.

ಆ ಗಂಟಿನಲ್ಲಿಯೇ ಕಾಕಾ ಅವರ ಕಥೆಯೆಲ್ಲ ಇದೆಯೆಂದು ನನಗೆ ಆಮೇಲೆ ಅರ್ಥವಾಯಿತು. ಈ ಜೋಡಿ ಮಳೆಗಾಲದಲ್ಲಿ ಗದ್ದೆ ಉಳುತ್ತದೆ, ಚಳಿಗಾಲದಲ್ಲಿ ಓಡುತ್ತದೆ. ಪಡುವಣ ಖಾನಾಪುರದ ಸಣ್ಣ ಸಣ್ಣ ಮೆಟ್ಟಿಲು ಗದ್ದೆಗಳಲ್ಲಿ ಟ್ರ್ಯಾಕ್ಟರು ತಿರುಗುವುದು ಕಷ್ಟ. ಆದುದರಿಂದ ಅಲ್ಲಲ್ಲಿ ಎತ್ತು ಇನ್ನೂ ಉಳಿದಿದೆ. ಆದರೆ ಪಂದ್ಯದ ಕಣದಲ್ಲಿ ಇವರ ಎದುರಿಗೆ ನಿಲ್ಲುವ ದೊಡ್ಡ ಕುಳಗಳ ಜೋಡಿಗಳು ನೇಗಿಲನ್ನು ಕಂಡೇ ಅರಿಯವು. ಅವುಗಳಿಗೆ ಆಳು ಬೇರೆ, ನೆರಳು ಬೇರೆ, ಸಾಗಿಸುವ ವಾಹನ ಬೇರೆ. ಕಾಕಾ ಅವರಲ್ಲಿ ಇರುವುದು ಒಬ್ಬ ಅಣ್ಣನ ಮಗ, ಇಬ್ಬರು ನೆರೆಮನೆಯ ಹುಡುಗರು, ಬಾಡಿಗೆಯ ಟೆಂಪೋ. ಓಟವೆಂಬುದು ಒಂದು ನಿಮಿಷದ ಮಾತು. ಆ ಒಂದು ನಿಮಿಷಕ್ಕಾಗಿ ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿ. ಎಮ್ಮೆಯ ಹಾಲಿನಲ್ಲಿ ಅರ್ಧ ಡೇರಿಗೆ, ಅರ್ಧ ರಾಜಾನಿಗೆ. ಮನೆಯ ಹೆಣ್ಣುಮಗಳು ಚಹ ತಂದಿತ್ತಾಗ ಅದು ಹಾಲಿಲ್ಲದ ಚಹವಾಗಿತ್ತು. “ನಮಗ ಇದ ರೂಢಿ ಆಗೇದ್ರಿ” ಎಂದು ಆಕೆ ನಕ್ಕರು; ಆ ನಗೆಯಲ್ಲಿ ಕೊಟ್ಟಿಗೆಯ ಕಡೆಗೆ ಬಿಟ್ಟ ಬಾಣವೊಂದಿತ್ತು.

ಬಹುಮಾನ ಬಂದರೆ ಇದೆಲ್ಲ ಹುಟ್ಟುವುದಿಲ್ಲವೇ ಎಂದು ಕೇಳಿದೆ. ಕಾಕಾ ಒಂದು ನೋಟುಬುಕ್ಕು ತಂದು ತೋರಿಸಿದರು. ಪ್ರವೇಶ ಶುಲ್ಕ, ಟೆಂಪೋ, ಲಾಳ, ಔಷಧ ಎಂದು ಎಡಗಡೆಯ ಪುಟಗಳು ತುಂಬಿದ್ದವು. ಬಲಗಡೆಯಲ್ಲಿ ಬರವಣಿಗೆ ವಿರಳ. ಲೆಕ್ಕಪತ್ರದ ಜ್ಞಾನವಿಲ್ಲದ ನನಗೂ ಅದು ತಿಳಿಯಿತು.

ನಡುವೆ ಮೂರು ವರ್ಷ ಬಲಗಡೆ ಪೂರ್ತಿ ಖಾಲಿ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿಯ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಬಂಡಿಯ ಓಟಕ್ಕೂ ದಾರಿ ಬಿಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆ ಮೂರು ವರ್ಷ ಬಹಳ ಮಂದಿ ಜೋಡಿಗಳನ್ನು ಮಾರಿದರೆಂದೂ, ತಾವು ಮಾತ್ರ ಉಳುವ ನೆಪದಲ್ಲಿ ಉಳಿಸಿಕೊಂಡೆವೆಂದೂ ಕಾಕಾ ಹೇಳಿದರು. ನಿಷೇಧ ತಪ್ಪೆಂದು ನೀವು ಹೇಳುವಿರಾ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊಳೆ ಚುಚ್ಚಾವ್ರು ಇದ್ರು ಸರ. ಸುಳ್ಳು ಯಾಕ ಹೇಳ್ಲಿ?” ಎಂದರು. ಅವರ ಬಂಡಿಯಲ್ಲಿ ಬಾರುಕೋಲು ಇರಲಿಲ್ಲ. ಆದರೆ ಅಂದು ಕಣದಲ್ಲಿ ಹೋರಿಯ ಬಾಲ ತಿರುಚಿದ ಹುಡುಗರನ್ನು ನಾನು ಕಂಡೆ; ಧ್ವನಿವರ್ಧಕ ಬೇಡವೆಂದು ಕೂಗುತ್ತಲೇ ಇತ್ತು. ಈ ಆಟದ ಸೊಗಸನ್ನು ಬರೆಯುವಾಗ ಇದನ್ನೂ ಬರೆಯದಿದ್ದರೆ ಓದುಗರಿಗೆ ವಂಚಿಸಿದಂತಾಗುವುದು.

ಮಧ್ಯಾಹ್ನಕ್ಕೆ ಹೋರಿಗಳನ್ನು ಟೆಂಪೋಗೆ ಹತ್ತಿಸಿದರು. ರಾಜಾ ಸರಳವಾಗಿ ಏರಿದ. ಸರ್ಜಾ ಮೂರು ಸಲ ಹಿಂಜರಿದ. ಕಾಕಾ ಅವನ ಕಿವಿಯ ಬಳಿ ಏನನ್ನೋ ಹೇಳಿದ ಮೇಲೆ, ಮುದುಕರು ಬಸ್ಸು ಹತ್ತುವಂತೆ ಹತ್ತಿದನು.

ಕಣವೆಂದರೆ ಕೊಯ್ಲಾದ ಬಯಲು. ಇಕ್ಕೆಲದಲ್ಲಿ ಹಗ್ಗ, ಹಗ್ಗದಾಚೆ ಜನಸಾಗರ. ಮಿರ್ಚಿ ಭಜಿಯ ವಾಸನೆ, ಹಲಗೆಯ ಸದ್ದು. ಅಂದಿನ ನಿಯಮ ಇಷ್ಟು: ಖಾಲಿ ಬಂಡಿಗೆ ಜೋಡಿಯನ್ನು ಹೂಡಿ ಓಡಿಸಬೇಕು, ಒಂದು ನಿಮಿಷಕ್ಕೆ ಸೀಟಿ ಊದಿದಾಗ ಗಾಲಿ ಎಲ್ಲಿತ್ತೋ ಅಲ್ಲಿ ಸುಣ್ಣ ಹಾಕಿ ದೂರ ಅಳೆಯುವುದು. ಜೋಡಿಗಳು ಒಂದಾದ ಮೇಲೊಂದು ಓಡುವುದರಿಂದ ಸ್ಪರ್ಧಿ ಕಣ್ಣೆದುರಿಗೆ ಇರುವುದಿಲ್ಲ. ಇರುವುದು ನೆಲದ ಮೇಲಿನ ಸುಣ್ಣದ ಗುರುತು.

ಸರದಿ ಕಾಯುತ್ತಿರುವಾಗ ಶಿಷ್ಯ, “ಇದು ನಮ್ಮ ಮೋಟಾರ್ ರೇಸ್ ರಿ ಸರ” ಎಂದು ಹೆಮ್ಮೆಯಿಂದ ಹೇಳಿದನು. ಆ ಮಾತು ನನಗೆ ಎಂದೋ ಓದಿದ್ದ ಒಂದು ಸಂಗತಿಯನ್ನು ನೆನಪಿಗೆ ತಂದಿತು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಸ್ಟಾಕ್ ಕಾರ್ ಓಟವೆಂಬುದೊಂದಿದೆ. ಮೊದಲಲ್ಲಿ ಅದು ಪೇಟೆಯಲ್ಲಿ ಮಾರುವ ಸಾಮಾನ್ಯ ಕಾರುಗಳದೇ ಪಂದ್ಯವಾಗಿತ್ತು. 1948ರಲ್ಲಿ ಅದಕ್ಕೆ ನಾಸ್ಕಾರ್ ಎಂಬ ಸಂಸ್ಥೆಯೂ ಹುಟ್ಟಿತು. ಅಲ್ಲಿ ವೆಂಡೆಲ್ ಸ್ಕಾಟ್ ಎಂಬ ಕರಿಯ ಜನಾಂಗದ ಮೆಕ್ಯಾನಿಕರೊಬ್ಬರು ವರ್ಜೀನಿಯಾದ ಡ್ಯಾನ್‌ವಿಲ್ ಊರಿನಿಂದ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ತಾವೇ ದುರಸ್ತಿ ಮಾಡಿಕೊಂಡು, ಮಕ್ಕಳನ್ನೇ ಸಹಾಯಕರನ್ನಾಗಿಸಿಕೊಂಡು, ಕಂಪನಿಗಳ ಬೆಂಬಲವಿದ್ದ ತಂಡಗಳ ವಿರುದ್ಧ ಓಡುತ್ತಿದ್ದರು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಅವರು ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದರೂ ಗೆಲುವಿನ ಬಾವುಟ ಬಕ್ ಬೇಕರ್ ಎಂಬವರಿಗೆ ಸಂದಿತು. ಕೆಲವು ಗಂಟೆಗಳ ಮೇಲೆ, ಜನ ಚದುರಿದ ನಂತರ, ಲೆಕ್ಕ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಅಧಿಕೃತ ಪಾರಿತೋಷಕ ಅವರ ಮನೆಯವರ ಕೈಸೇರಿದ್ದು 2021ರಲ್ಲಿ! ಹುಡುಗನಿಗೆ ಇದನ್ನು ಹೇಳಿದೆ. “ಅಲ್ಲೂ ಟೇಪ್ ಹಿಡಿಯಾವ್ರು ಹಂಗ ಇದ್ರೇನ್ರಿ?” ಎಂದನು.

ಸರ್ಜಾ–ರಾಜಾ ಹೆಸರನ್ನು ಕೂಗಿದರು. ಕಾಕಾ ಬಂಡಿಯ ಮೇಲೆ ಕಾಲೂರಿ ಹಗ್ಗ ಹಿಡಿದರು. ಮುಂದೇನಾಯಿತೆಂದು ವಿವರವಾಗಿ ವರ್ಣಿಸಲು ನಾನು ಅಸಮರ್ಥ; ಒಂದು ಧೂಳಿನ ಗೋಡೆ ನನ್ನ ಮುಂದೆ ಹಾದುಹೋಯಿತು. ಆದರೆ ಒಂದನ್ನು ಕಂಡೆ: ಆರಂಭದಲ್ಲಿ ಎರಡು ತಲೆಗಳು ಒಂದೇ ಮಟ್ಟದಲ್ಲಿದ್ದವು, ಬರಬರುತ್ತ ರಾಜಾನ ತಲೆ ಮುಂದಾಯಿತು, ನೊಗ ಓರೆಯಾಯಿತು, ಬಂಡಿ ಎಡಕ್ಕೆ ಎಳೆಯತೊಡಗಿತು. ಕಾಕಾ ಓಡಬಲ್ಲ ಹೋರಿಯನ್ನು ಬಿಗಿಹಿಡಿದರು, ಓಡಲಾರದ ಹೋರಿಯನ್ನು ಹೊಡೆಯಲಿಲ್ಲ. ಸೀಟಿ ಊದಿತು.

ಸುಣ್ಣ ಹಾಕಿದ ಹುಡುಗ ಗಾಲಿಯ ಹಿಂದೆ ಹಾಕಿದನೆಂದು ನಮ್ಮವರು, ಸರಿಯಾಗಿಯೇ ಹಾಕಿದನೆಂದು ಪಂಚರು. ಮಾತು ಬೆಳೆಯಿತು. ಮೊಬೈಲುಗಳಲ್ಲಿ ಚಿತ್ರ ತೋರಿಸಿದರು. ಚಿತ್ರದಲ್ಲಿ ಧೂಳಲ್ಲದೆ ಮತ್ತೇನೂ ಇರಲಿಲ್ಲ. ಕೊನೆಗೆ ಕಾಕಾ ಅವರೇ ಹುಡುಗರನ್ನು ಸುಮ್ಮನಿರಿಸಿದರು. ಐದು ಬಹುಮಾನಗಳಿದ್ದವು, ನಮ್ಮ ಜೋಡಿಗೆ ಆರನೆಯ ಸ್ಥಾನ. ಐದನೆಯದಕ್ಕೂ ಆರನೆಯದಕ್ಕೂ ಅಂತರ ಒಂದು ಬಂಡಿಯ ಗಾಲಿಯಷ್ಟೂ ಇರಲಿಲ್ಲ.

ಹೊರಡುವ ಹೊತ್ತಿಗೆ ಬಿಳಿಯ ಅಂಗಿಯ ಮಹಾಶಯರೊಬ್ಬರು ಕಾರಿನಿಂದ ಇಳಿದುಬಂದು ರಾಜಾನ ಬೆನ್ನು ಸವರಿದರು. ಅವರಿಗೆ ಜೋಡಿ ಬೇಕಿರಲಿಲ್ಲ, ರಾಜಾ ಒಬ್ಬನೇ ಬೇಕು. ಹೇಳಿದ ಮೊತ್ತವನ್ನು ಕೇಳಿ ಶಿಷ್ಯ ನನ್ನ ಮುಖ ನೋಡಿದನು. ಆ ಹಣದಿಂದ ಮನೆಯ ಸಾಲ ತೀರುತ್ತಿತ್ತು, ಅವನ ಫೀಸೂ ಆಗುತ್ತಿತ್ತು. ಆದರೆ ಜೊತೆಯಿಲ್ಲದ ಸರ್ಜಾ ಉಳಲಾರ, ಓಡಲಾರ. ಕೊಳ್ಳುವವರಾದರೂ ಯಾರು, ಏತಕ್ಕೆ ಕೊಳ್ಳುವರು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. “ವಿಚಾರ ಮಾಡಿ ಹೇಳ್ತೀನ್ರಿ” ಎಂದರು ಕಾಕಾ. ನಾನಾಗಿದ್ದರೆ ಮಾರಿಬಿಡುತ್ತಿದ್ದೆನೇನೋ. ಸಂಬಳದ ಮನುಷ್ಯನ ಬುದ್ಧಿ ಅದು.

ಹಿಂತಿರುಗುವಾಗ ಖಾನಾಪುರದಲ್ಲಿ ಮಲಪ್ರಭೆಯ ದಡಕ್ಕೆ ಟೆಂಪೋ ನಿಲ್ಲಿಸಿದರು. ಕತ್ತಲಾಗಿತ್ತು. ಮೊಬೈಲಿನ ಬೆಳಕಿನಲ್ಲಿ ಹುಡುಗರು ಹೋರಿಗಳ ಕಾಲು ತೊಳೆದರು. ಕಾಕಾ ಮೊಣಕಾಲೂರಿ ಸರ್ಜಾನ ಮುಂಗಾಲಿನ ಗೊರಸನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು; ಹೋರಿ ಕಾಲನ್ನು ಎಳೆದುಕೊಂಡಿತು. ಅವರ ಜೇಬಿನಲ್ಲಿ ಫೋನು ಎರಡು ಸಲ ಬಾರಿಸಿತು. ತೆಗೆಯಲಿಲ್ಲ. ನನ್ನನ್ನು ಬೆಳಗಾವಿಯ ಕೊನೆಯ ಬಸ್ಸಿಗೆ ಹತ್ತಿಸಿದರು.

ಸೋಮವಾರ ಶಿಷ್ಯ ತರಗತಿಗೆ ಬರಲಿಲ್ಲ. ಮಂಗಳವಾರ ಬಂದನು. ಪಾಠ ಮುಗಿದ ಮೇಲೆ ತಡೆದು, ರಾಜಾನನ್ನು ಕೊಟ್ಟರೇ ಎಂದು ಕೇಳಿದೆ.

“ಇಲ್ರಿ ಸರ” ಎಂದನು. “ಟೆಂಪೋದವ್ರ ಬಾಕಿ ಭಾಳ ಆಗಿತ್ತು. ಎಮ್ಮಿ ಮಾರಿದ್ವಿ.”