ಹಳೆಯ ರಥದ ಆರೈಕೆ

1995ರಲ್ಲಿ ಪುಣೆಯಲ್ಲಿ ತಯಾರಾಗತೊಡಗಿದ ಮರ್ಸಿಡಿಸ್ ಬೆಂಜ್ ಕಾರುಗಳು ಒಂದು ಕಾಲಕ್ಕೆ ಸಿರಿವಂತರ ಅಂಗಳಕ್ಕೆ ಮಾತ್ರ ಭೂಷಣವಾಗಿದ್ದವು. ಇಂದು ಅಂಥ ಹಳೆಯ ಕಾರು ಎರಡನೆಯ, ಮೂರನೆಯ ಒಡೆಯನ ಕೈಸೇರುವಾಗ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಗೃಹಸ್ಥನಿಗೂ ಎಟುಕಬಲ್ಲದು. ಬೆಲೆ ಇಳಿದಿರಬಹುದು; ಹೊಣೆ ಇಳಿಯದು.

ಅದನ್ನು ಮನೆಯಲ್ಲಿಯೇ ಸಂರಕ್ಷಿಸಬಯಸುವವನು ಮೊದಲು ನಾಡಿನ ಮಣ್ಣು ನೀರುಗಳ ಗುಣವನ್ನರಿಯಬೇಕು. ಎರೆಭೂಮಿಯ ಧೂಳು ಏರ್ ಫಿಲ್ಟರನ್ನು ಬೇಗನೆ ಮುಚ್ಚುತ್ತದೆ. ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣದ ಪದರು ಕಟ್ಟುತ್ತದೆ. ಅಲ್ಲಿಗೆ ಸಲ್ಲುವುದು ಬಟ್ಟಿಯಿಳಿಸಿದ ನೀರಿನೊಡನೆ ಬೆರೆಸಿದ ಕೂಲಂಟ್. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳುವುದು ಸಾಹಸವಲ್ಲ, ಅವಿವೇಕ. ಗಟ್ಟಿ ಸ್ಟ್ಯಾಂಡಿನ ಆಸರೆ ಬೇಕೇ ಬೇಕು.

ಎಲ್ಲಕ್ಕೂ ಮಿಗಿಲಾದುದು ಬ್ರೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಅದು ಕಣ್ಣಿಗೆ ಕಾಣದು. ಬನದ ಹುಣ್ಣಿಮೆಯ ಜನಸಂದಣಿಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನಿಳಿಯುವಾಗ, ಪದೇಪದೇ ಒತ್ತಿದ ಬ್ರೇಕು ಕಾದು, ಆ ತೇವ ಆವಿಯಾಗಿ, ಪೆಡಲು ಹಿಡಿತ ತಪ್ಪಬಹುದು. ಆಗ ಮುಂದೆ ನಡೆಯುವ ಯಾತ್ರಿಕರ ಗತಿಯೇನು? ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಬದಲಿಸಬೇಕು. ಕೆಲಸ ತಿಳಿಯದಿದ್ದರೆ ನುರಿತ ಮಿಸ್ತ್ರಿಗೆ ಒಪ್ಪಿಸುವುದೇ ಲೇಸು.

ಕಾಯಕವು ಶುದ್ಧವಾಗಿರಬೇಕೆಂಬುದು ಶರಣರ ನಿಲುವು. ಕಾರಿನ ಮೈಯನ್ನು ಹೊಳೆಯಿಸುವುದು ತೋರಿಕೆ. ಯಾರೂ ಕಾಣದ ಒಳಭಾಗವನ್ನು ಕಾಪಾಡುವುದೇ ಕಾಯಕ.