ನಾಡಿಯೂ ಬೆಳಕೂ

ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು, ಕಣ್ಣು ಅರೆಮುಚ್ಚಿ ಕುಳಿತ ವೈದ್ಯನ ಮೂರ್ತಿ ಹಾಸನದ ಸೀಮೆಯ ಹಳೆಯ ಮನೆತನಗಳಿಗೆಲ್ಲ ಪರಿಚಿತವಾದುದು. ಔಷಧಕ್ಕಿಂತ ಮೊದಲೇ ಧೈರ್ಯವನ್ನು ಕೊಡುತ್ತಿದ್ದುದು ಆ ಸ್ಪರ್ಶ. ಆದರೆ ಬೆರಳಿಗೆ ತಿಳಿಯುವುದು ಒಂದು ಧಮನಿಯ ಮಿಡಿತ ಮಾತ್ರ. ಆ ಮಿಡಿತದ ಫಲವು ದೇಹದ ಕಟ್ಟಕಡೆಯ ತುದಿಗೆ ಮುಟ್ಟಿತೆ ಎಂಬುದನ್ನು ಅದು ಹೇಳಲಾರದು.

ಈ ಭೇದವನ್ನು ಹೇಮಾವತಿಯ ನೀರನ್ನು ನಂಬಿದ ರೈತರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಕಡೆಗೂ, ಬಲದಂಡೆಯದು ಅರಕಲಗೂಡು ಹೊಳೆನರಸೀಪುರಗಳ ಕಡೆಗೂ ಹರಿದುವು. ತೂಬಿನ ಬಳಿ ನೀರು ಭೋರ್ಗರೆಯುತ್ತಿದ್ದರೂ ನಾಲೆಯ ಕೊನೆಯ ಗದ್ದೆ ಬಿರುಕುಬಿಟ್ಟಿರಬಹುದು. ದೇಹದ ಕೊನೆಯ ಗದ್ದೆ ಕಾಲಿನ ಬೆರಳು. ಮಧುಮೇಹವು ಅಲ್ಲಿಯ ಕಿರುನಾಳಗಳನ್ನು ಕೆಡಿಸುತ್ತದೆ, ಸ್ಪರ್ಶಜ್ಞಾನವನ್ನೂ ಕಸಿದುಕೊಳ್ಳುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋದ ಮುದುಕನಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗಾಯ ಕಪ್ಪಿಟ್ಟಿರುತ್ತದೆ. ಆಗ ಶಸ್ತ್ರವೈದ್ಯನ ಮುಂದಿರುವ ಪ್ರಶ್ನೆ ಕಠಿಣವಾದುದು: ಜೀವಂತವಾದ ಮಾಂಸ ಎಲ್ಲಿಗೆ ಮುಗಿಯಿತು? ಒಂದು ಬೆರಳು ಹೋದರೆ ಸಾಕೆ, ಪಾದವೇ ಹೋಗಬೇಕೆ?

ಇಂಥ ಪ್ರಶ್ನೆಗೆ ನೆರವಾಗಲು ಲೇಸರ್ ಎಂಬ ಬೆಳಕು ಬಂದಿದೆ. ಒಂದೇ ಬಣ್ಣದ, ಹೆಜ್ಜೆ ತಪ್ಪದ ಅಲೆಗಳುಳ್ಳ ಈ ಬೆಳಕು 1960ರಲ್ಲಿ ಹುಟ್ಟಿತು. ಇದು ಚರ್ಮದ ಮೇಲೆ ಬಿದ್ದು ಚೆದುರಿದಾಗ, ಅಲೆಗಳು ಕೆಲವೆಡೆ ಒಂದನ್ನೊಂದು ಬೆಂಬಲಿಸಿ ಬೆಳಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿ ಕಪ್ಪಾಗುತ್ತವೆ. ರವೆ ಚೆಲ್ಲಿದಂತೆ ಚುಕ್ಕೆಗಳ ಹಾಸೊಂದು ಕಾಣುತ್ತದೆ. ಬೆಳಕಿಗೆ ಎದುರಾದ ವಸ್ತು ನಿಶ್ಚಲವಾಗಿದ್ದರೆ ಚುಕ್ಕೆಗಳೂ ನಿಶ್ಚಲ. ಆದರೆ ಚರ್ಮದ ಕೆಳಗೆ 7–8 ಮೈಕ್ರೋಮೀಟರ್ ಅಗಲದ ಕೆಂಪು ರಕ್ತಕಣಗಳು ಓಡುತ್ತಿದ್ದರೆ ಚುಕ್ಕೆಗಳು ಕ್ಷಣಕ್ಷಣಕ್ಕೂ ಮಿನುಗಿ ಬದಲಾಗುತ್ತವೆ. ಕ್ಯಾಮೆರಾದ ಕಣ್ಣನ್ನು ಕೆಲವು ಮಿಲಿಸೆಕೆಂಡುಗಳ ಕಾಲ ತೆರೆದರೆ, ಓಟ ಬಿರುಸಾಗಿರುವಲ್ಲಿ ಚುಕ್ಕೆಗಳು ಕಲಸಿಹೋಗಿ ಮಸುಕಾಗುತ್ತವೆ. ನಿಧಾನವಾಗಿರುವಲ್ಲಿ ಸ್ಪಷ್ಟವಾಗಿ ಉಳಿಯುತ್ತವೆ. ಆ ಮಸುಕನ್ನು ಗಣಿತದಿಂದ ಅಳೆದು, ಹರಿವಿನ ತಾರತಮ್ಯವನ್ನು ಬಣ್ಣಗಳಲ್ಲಿ ಬರೆಯುವುದೇ ಈ ಕ್ರಮ. ದೋಷವೆಂದು ಎಣಿಸತಕ್ಕ ಮಸುಕೇ ಇಲ್ಲಿ ಸಾಕ್ಷಿ.

ಈ ವಿದ್ಯೆಯ ಬೇರೊಂದು ಕನ್ನಡನಾಡಿನ ಮಣ್ಣಿನಲ್ಲಿಯೂ ಉಂಟು. ಲೇಸರ್ ಹುಟ್ಟುವುದಕ್ಕೆ 17 ವರ್ಷ ಮೊದಲೇ, 1943ರಲ್ಲಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಶಿಷ್ಯರಾದ ಜಿ.ಎನ್. ರಾಮಚಂದ್ರನ್ ಅವರು, ಸೂಕ್ಷ್ಮಕಣಗಳ ಮೂಲಕ ಬಂದ ಬೆಳಕಿನ ಸುತ್ತ ಕಾಣುವ ಪ್ರಭಾವಲಯದಲ್ಲಿ ಕಾಂತಿಯು ಏರಿಳಿಯುವುದನ್ನು ವಿವೇಚಿಸಿ ಲೇಖನವನ್ನು ಪ್ರಕಟಿಸಿದರು. ಅವರ ಲಕ್ಷ್ಯವಿದ್ದುದು ರೋಗಿಯ ಮೇಲಲ್ಲ, ಬೆಳಕಿನ ಮೇಲೆ. 1981ರಲ್ಲಿ ಫರ್ಷರ್ ಮತ್ತು ಬ್ರಯರ್ಸ್ ಎಂಬ ವಿದ್ವಾಂಸರು ಚುಕ್ಕೆಗಳ ಮಸುಕಿನಿಂದ ಹರಿವನ್ನು ಚಿತ್ರಿಸುವ ಮಾರ್ಗವನ್ನು ತೋರಿದರು. ಪ್ರಯೋಜನವನ್ನು ಕೇಳದೆ ಬಿತ್ತಿದ ಬೀಜ ಪರರ ಹಿತಕ್ಕೆ ಫಲಿಸುವುದು ವಿದ್ಯೆಯ ರೀತಿ.

ಆದರೆ ಬಣ್ಣದ ಚಿತ್ರಕ್ಕೆ ಮರುಳಾಗುವುದು ವಿವೇಕವಲ್ಲ. ಈ ಬೆಳಕು ತರುವ ವಾರ್ತೆ ಬಹುಮಟ್ಟಿಗೆ ಒಂದು ಮಿಲಿಮೀಟರಿಗಿಂತ ಕಡಮೆ ಆಳದ್ದು. ಒಳಗಿನ ದೊಡ್ಡ ಧಮನಿ ಕಟ್ಟಿಕೊಂಡಿದ್ದರೆ ಅದನ್ನು ಬೇರೆ ಪರೀಕ್ಷೆಯಿಂದಲೇ ತಿಳಿಯಬೇಕು. ಅದು ಹೇಳುವುದು ಹೆಚ್ಚು ಕಡಮೆಯನ್ನೇ ಹೊರತು ಇಷ್ಟು ಮಿಲಿಲೀಟರ್ ಎಂಬ ಲೆಕ್ಕವನ್ನಲ್ಲ. ಕಾಲು ಅಲುಗಿದರೆ, ಕೊಠಡಿ ತಣ್ಣಗಿದ್ದರೆ ಅಳತೆ ಬದಲಾಗುತ್ತದೆ. ಅರಕಲಗೂಡಿನ ಹೊಲಗಳು ಬಲ್ಲ ಹೊಗೆಸೊಪ್ಪನ್ನು ಸೇದಿ ಬಂದವನ ಚರ್ಮದ ನಾಳಗಳು ಬಿಗಿದುಕೊಂಡು ಹರಿವು ಕುಗ್ಗಿ ಕಾಣಬಹುದು. ಚರ್ಮದ ಬಣ್ಣವೂ ಬೆಳಕನ್ನು ಹೀರುವುದರಿಂದ, ಒಬ್ಬನ ಪಾದವನ್ನು ಮತ್ತೊಬ್ಬನ ಪಾದದೊಡನೆ ಹೋಲಿಸುವುದಕ್ಕಿಂತ ಅವನದೇ ಎರಡು ಪಾದಗಳನ್ನು, ಅಥವಾ ಚಿಕಿತ್ಸೆಗೆ ಮುಂಚಿನ ಮತ್ತು ಅನಂತರದ ಸ್ಥಿತಿಯನ್ನು ಹೋಲಿಸುವುದು ಲೇಸು.

ಯಂತ್ರವಿಲ್ಲದ ಊರಿನಲ್ಲಿಯೂ ಇದರಿಂದ ಕಲಿಯತಕ್ಕ ಪಾಠವೊಂದುಂಟು. ಮಧುಮೇಹವಿರುವ ಹಿರಿಯರ ಅಂಗಾಲನ್ನು ದಿನಕ್ಕೊಮ್ಮೆ ದೀಪದ ಮುಂದೆ ಹಿಡಿದು ನೋಡುವುದಕ್ಕೆ ಲೇಸರ್ ಬೇಕಿಲ್ಲ, ಮನೆಯವರ ಕಣ್ಣು ಸಾಕು. ಎದೆ ಚೆನ್ನಾಗಿ ಬಡಿಯುತ್ತಿದೆಯೆಂದು ಸಮಾಧಾನಪಟ್ಟು ತುದಿಯನ್ನು ಮರೆಯುವುದು ದೇಹದಲ್ಲಿ ಹೇಗೋ ನಾಲೆಯಲ್ಲಿಯೂ ಹಾಗೆಯೇ ಅನರ್ಥಕ್ಕೆ ದಾರಿ.